ಚಿಗಟ ತೆಗೆದ ಸೂಜಿ, ಕೀವು ತುಂಬಿದ ಕಾಲು

ಆ ಬೀದಿಯಲ್ಲಿ ಯಾರ ಕಾಲಿಗೆ, ಚರ್ಮ ಕೊರೆದು ಒಳಸೇರುವ ಮರಳು ಚಿಗಟ ಹೊಕ್ಕರೂ ಅವರು ನೇರ ಟೈಲರಮ್ಮನ ಮನೆಗೆ ಬರುತ್ತಿದ್ದರು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕಾಲು ಚಾಚಿದರೆ ಸಾಕು. ಉಗುರಿನ ಸಂದಿಯಲ್ಲೋ ಹಿಮ್ಮಡಿಯಲ್ಲೋ ಇರುವ ಕಪ್ಪು ಚುಕ್ಕೆಯನ್ನು ಅವಳು ಕಣ್ಣಲ್ಲೇ ಹಿಡಿಯುತ್ತಿದ್ದಳು. ಗುಂಡಿ ಹಾಕುವ ಸೂಜಿಯಿಂದ ಸುತ್ತಲೂ ಬಿಡಿಸಿ, ಬಟಾಣಿಯಷ್ಟು ಊದಿದ ಬಿಳಿ ಗುಳ್ಳೆಯನ್ನು ಎತ್ತಿ ಹಾಕುತ್ತಿದ್ದಳು. ಸೂಜಿಯನ್ನು ಬಟ್ಟೆ ಚೂರಿಗೆ ಒರೆಸಿ, "ಮುಂದಿನವರು ಬನ್ನಿ" ಅನ್ನುತ್ತಿದ್ದಳು.

ಒಂದು ದಿನ ಮನೆ ಮನೆ ನೋಡಿಕೊಂಡು ಬಂದ ನರ್ಸು ಇದನ್ನು ಕಂಡರು.

"ಅಕ್ಕ, ಎಲ್ಲರಿಗೂ ಅದೇ ಸೂಜಿ ಚುಚ್ಚಬೇಡಿ. ಹೆಣ್ಣು ಚಿಗಟ ಚರ್ಮದೊಳಗೆ ಕೂತು, ಮೊಟ್ಟೆ ತುಂಬಿಕೊಂಡು ಊದುತ್ತೆ. ಅದನ್ನ ಬಗೆದರೆ ದೊಡ್ಡ ಗಾಯ ಆಗುತ್ತೆ. ಆ ಗಾಯದಿಂದ ಬ್ಯಾಕ್ಟೀರಿಯಾ ಒಳಗೆ ಹೋದ್ರೆ ಕಾಲಿಗೇ ಕುತ್ತು."

"ಹತ್ತು ವರ್ಷದಿಂದ ತೆಗೀತಿದೀನಿ ನರ್ಸಮ್ಮ. ಯಾರಿಗೂ ಏನೂ ಆಗಿಲ್ಲ."

ಒಳಗಿಂದ ಅತ್ತೆ ದನಿಗೂಡಿಸಿದರು. "ಚಿಗಟಕ್ಕೇ ಆಸ್ಪತ್ರೆಗೆ ಹೋಗು ಅಂದ್ರೆ, ನಾಳೆ ಸೊಳ್ಳೆ ಕಚ್ಚಿದ್ರೆ ಆಪರೇಷನ್ ಮಾಡ್ತೀರೇನಮ್ಮ?"

ಕೂತವರೆಲ್ಲ ನಕ್ಕರು. ನರ್ಸಿಗೂ ನಗು ಬಂತು. "ಕಾಲು ಕೆಂಪಾದ್ರೆ ಮಾತ್ರ ಕಾಯಬೇಡಿ" ಎಂದು ಹೇಳಿ ಹೋದರು.

ಟೈಲರಮ್ಮನ ಗಂಡ ಗಾರೆ ಮೇಸ್ತ್ರಿ. ದಿನವಿಡೀ ಮರಳು ರಾಶಿಯ ಮೇಲೆ ಬರಿಗಾಲಲ್ಲೇ ಓಡಾಟ. ಮುಂದಿನ ಸೋಮವಾರ ಅವನ ಎಡಗಾಲಲ್ಲಿ ಮೂರು ಚಿಗಟ ಕಂಡವು. ಟೈಲರಮ್ಮನ ಸೂಜಿಗೆ ಎರಡು ಸಲೀಸಾಗಿ ಬಂದವು. ಕಿರುಬೆರಳ ಸಂದಿಯದು ಮಾತ್ರ ಒಡೆದು ಅರ್ಧ ಒಳಗೇ ಉಳಿಯಿತು.

"ಬಿಡು, ತಾನೇ ಒಣಗುತ್ತೆ" ಎಂದ ಮೇಸ್ತ್ರಿ. ಅವನು ಎದ್ದ ಮೇಲೆ ಅದೇ ಸ್ಟೂಲಿಗೆ ಕಾಲು ಚಾಚಿದ್ದು ಎದುರುಮನೆಯ ಬಡಗಿ. ಅವನ ಹಿಂದೆ ಇನ್ನೂ ಐದು ಜನ. ಎಲ್ಲರಿಗೂ ಅದೇ ಸೂಜಿ.

ಬುಧವಾರ ಮೇಸ್ತ್ರಿಯ ಬೆರಳು ಊದಿ ಮಿರಮಿರ ಮಿಂಚತೊಡಗಿತು. ಅತ್ತೆ ಒಲೆಯ ಬೂದಿ ಹಚ್ಚಿ ಬಟ್ಟೆ ಸುತ್ತಿದರು. ಅವನು ಕುಂಟುತ್ತಲೇ ಕೆಲಸಕ್ಕೆ ಹೋದ. ಶುಕ್ರವಾರ ಮಧ್ಯಾಹ್ನ ಇಬ್ಬರು ಕೆಲಸಗಾರರು ಅವನನ್ನು ಹೊತ್ತು ತಂದು ಬಾಗಿಲಲ್ಲಿ ಕೂರಿಸಿದರು. ಮೈ ಕೆಂಡದಂತೆ ಸುಡುತ್ತಿತ್ತು, ಹಲ್ಲು ಕಟಕಟಿಸುತ್ತಿತ್ತು.

ಟೈಲರಮ್ಮ ಕಾಲಿನ ಬಟ್ಟೆ ಬಿಚ್ಚಿದಳು. ಮೊದಲು ನಾತ ಬಡಿಯಿತು. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಕಪ್ಪಗಾಗಿದ್ದವು. ಬೂದಿಯೂ ಕೀವೂ ಕಲಸಿಕೊಂಡು ಸುರಿಯುತ್ತಿದ್ದವು. ಪಾದದಿಂದ ಮೊಣಕಾಲಿನ ತನಕ ಒಂದು ಕೆಂಪು ಗೆರೆ ಎದ್ದಿತ್ತು. ಅತ್ತೆ ಎದ್ದು, "ನರ್ಸಮ್ಮನ್ನ ಕರೀರಿ" ಎಂದು ಬೀದಿಗೆ ಕೇಳುವಂತೆ ಕೂಗಿದರು.

ನರ್ಸು ಓಡಿಬಂದು ಅವನನ್ನು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಡಾಕ್ಟರು ನೋಡಿದವರೇ ಹೇಳಿದರು. "ಇವರನ್ನ ಮಲಗಿಸಿದ್ದು ಚಿಗಟ ಅಲ್ಲಮ್ಮ. ಗಾಯದೊಳಗೆ ಹೋದ ಬ್ಯಾಕ್ಟೀರಿಯಾ. ವಿಷ ರಕ್ತಕ್ಕೆ ಸೇರ್ತಾ ಇದೆ. ಎರಡು ಬೆರಳು ಸತ್ತುಹೋಗಿವೆ, ತೆಗೀಲೇಬೇಕು. ಇನ್ನೆರಡು ದಿನ ಬಿಟ್ಟಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು. ಧನುರ್ವಾಯು ಇಂಜೆಕ್ಷನ್ ಯಾವಾಗ ಹಾಕಿಸಿದ್ರಿ?"

ಯಾರಿಗೂ ನೆನಪಿರಲಿಲ್ಲ.

"ಬೆರಳು ತೆಗೀಬೇಕಾ?" ಟೈಲರಮ್ಮ ಮತ್ತೆ ಮತ್ತೆ ಅದನ್ನೇ ಕೇಳಿದಳು.

ಮೇಸ್ತ್ರಿ ನಡುಗುತ್ತಲೇ ಅಂದ. "ಕೈಬೆರಳಲ್ಲ ತಾನೇ? ಗಾರೆ ಹಚ್ಚೋ ಕರಣೆ ಹಿಡಿಯೋಕೆ ಕೈ ಸಾಕು ಬಿಡು."

ಅವಳಿಗೆ ಅಳು ಒತ್ತರಿಸಿ ಬಂತು. ಮುಖ ತಿರುಗಿಸಿದರೆ ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದವನು ಬಡಗಿ. ಅವನ ಹಿಮ್ಮಡಿಯೂ ಊದಿ ಕೆಂಪಾಗಿತ್ತು. ಅವಳು ನರ್ಸಿನ ತೋಳು ಹಿಡಿದುಕೊಂಡಳು.

"ನರ್ಸಮ್ಮ, ಇದೆಲ್ಲ ನಾನೇ ಮಾಡಿದ್ದು."

"ಬೇಕಂತ ಮಾಡಿದ್ದಲ್ಲ ಅಕ್ಕ. ಈಗ ಅಳೋಕೆ ಹೊತ್ತಿಲ್ಲ. ಸೋಮವಾರ ಇನ್ಯಾರ್ಯಾರಿಗೆ ತೆಗೆದ್ರಿ, ಅದು ಹೇಳಿ."

ಅತ್ತೆಯನ್ನು ಮಗನ ಬಳಿ ಕೂರಿಸಿ ಇಬ್ಬರೂ ಐದು ಮನೆಗೂ ಹೋದರು. ಒಂದು ಮನೆಯಲ್ಲಿ ಅಗಸರವಳು ಬಾಗಿಲಲ್ಲೇ ತಡೆದು ಕೇಳಿದಳು. "ನೀನೇ ತಾನೇ ತೆಗೆದಿದ್ದು? ಈಗ ಆಸ್ಪತ್ರೆಗೆ ಹೋಗು ಅಂತೀಯಲ್ಲ."

"ಹೌದು, ನಾನೇ ತೆಗೆದಿದ್ದು. ಅದಕ್ಕೇ ನಾನೇ ಬಂದೆ. ಕಾಲು ತೋರಿಸು."

ಐವರಲ್ಲಿ ಇಬ್ಬರ ಕಾಲಿಗೆ ಕೆಂಪು ಹತ್ತಿತ್ತು. ಗಾಯ ತೊಳೆಸಿಕೊಂಡು, ಡಾಕ್ಟರು ಬರೆದ ಮಾತ್ರೆ ನುಂಗಿ ಅವರು ಒಂದು ವಾರದಲ್ಲಿ ಚೇತರಿಸಿಕೊಂಡರು. ಬಡಗಿಯ ಕಾಲೂ ವಾಸಿಯಾಯಿತು. ಮೇಸ್ತ್ರಿ ಎರಡು ಬೆರಳು ಕಳೆದುಕೊಂಡು, ಇಪ್ಪತ್ತು ದಿನದ ಮೇಲೆ ಮನೆಗೆ ಬಂದ. ಈಗಲೂ ಸಾರವೆ ಹತ್ತುವಾಗ ಅವನ ಎಡಗಾಲು ತಡವರಿಸುತ್ತದೆ.

ಅವನು ಮನೆಗೆ ಬಂದ ಮೇಲೆ ಮೊದಲು, ಚಿಗಟ ಬೆಳೆಯುತ್ತಿದ್ದ ಆ ಮನೆಯ ಮಣ್ಣಿನ ನೆಲಕ್ಕೆ ಸಿಮೆಂಟ್ ಬಿತ್ತು. ಒಳಗೆ ಮಲಗುತ್ತಿದ್ದ ನಾಯಿಯ ಪಂಜದಲ್ಲೂ ಚಿಗಟವಿತ್ತು. ಅದಕ್ಕೂ ಪಶುವೈದ್ಯರಿಂದ ಔಷಧಿ ಹಾಕಿಸಿದರು. ಅತ್ತೆಯ ಕಾಲಿಗೆ ಹೊಸ ಚಿಗಟ ಹೊಕ್ಕಾಗ ನರ್ಸು ಎಣ್ಣೆಯಂಥ ಔಷಧಿ ಹಚ್ಚಿದರು. ಚಿಗಟ ಒಳಗೇ ಉಸಿರುಕಟ್ಟಿ ಸತ್ತಿತು.

"ಬಗೆಯೋದೇ ಬೇಡವಾ?" ಅತ್ತೆ ಬೆರಗಾಗಿ ಕೇಳಿದರು.

"ಬೇಡ ಅಜ್ಜಿ. ಸತ್ತಿದ್ದು ತಾನೇ ಒಣಗಿ ಉದುರುತ್ತೆ."

ಈಗ ಅತ್ತೆ ಮುಚ್ಚಿದ ಬೂಟು ಹಾಕದೆ ಅಂಗಳಕ್ಕೆ ಇಳಿಯುವುದಿಲ್ಲ. ಮಗ ಮರೆತರೆ ಬೈದು ಹಾಕಿಸುತ್ತಾರೆ.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಾಲಿನ ಚಿಗಟವನ್ನು ಸೂಜಿ, ಮುಳ್ಳು, ಬ್ಲೇಡಿನಿಂದ ನೀವೇ ಬಗೆಯಬೇಡಿ. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚಲೇಬೇಡಿ. ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಧನುರ್ವಾಯು ಇಂಜೆಕ್ಷನ್ ಬೇಕೇ ಎಂದು ಕೇಳಿಕೊಳ್ಳಿ. ದಿನವೂ ಸೋಪು ಹಚ್ಚಿ ಕಾಲು ತೊಳೆಯಿರಿ, ಬರಿಗಾಲಲ್ಲಿ ಮರಳಿಗೆ ಇಳಿಯಬೇಡಿ. ಊತ, ಕೆಂಪು, ಕೀವು, ಜ್ವರ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಹೊರಡಿ. ಮೇಸ್ತ್ರಿ ಬುಧವಾರವೇ ಹೊರಟಿದ್ದರೆ ಅವನ ಬೆರಳು ಉಳಿಯಬಹುದಿತ್ತು.