ಕಿಟಕಿಯ ಎತ್ತರ

"ನಮ್ಮ ಕಿಟಕಿ ಎಲ್ಲೇ?"

ತಂಗಿಯ ಕಚೇರಿಗೆ ಬಂದ ಅಕ್ಕ ಮೇಜಿನ ಮೇಲೆ ಬಗ್ಗಿ ಹಾಗೆ ಕೇಳಿದಳು. ಮೇಜಿನ ತುಂಬ ಹರಡಿದ್ದು ಪೇಟೆಬೀದಿಯ ಮಾದರಿ. ಬಿಳಿ ರಟ್ಟಿನ ಕಟ್ಟಡಗಳು, ನಡುವೆ ಇಕ್ಕಟ್ಟಾದ ರಸ್ತೆ, ರಸ್ತೆಯ ಮೇಲೆ ಕಂಬ ಊರಿಕೊಂಡು ರೈಲು ನಿಲ್ದಾಣದಿಂದ ದೊಡ್ಡಾಸ್ಪತ್ರೆಯವರೆಗೆ ಹೋಗುವ ಪಾದಚಾರಿಗಳ ಮೇಲ್ದಾರಿ. ಅದರ ಮೇಲೆ ಉಗುರುದ್ದದ ಮನುಷ್ಯರೂ ಇದ್ದರು: ಚೀಲ ಹಿಡಿದವರು, ಮಗು ಎತ್ತಿಕೊಂಡವರು, ಟೋಪಿ ಹಾಕಿಕೊಂಡವರು. ಕಟ್ಟಡಗಳಿಗೆ ಮಾತ್ರ ಕಿಟಕಿಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ದಾರಿ, ಸೇತುವೆಗಳ ನಕ್ಷೆ ಬರೆಯುವ ತಂಗಿಯ ಕಸುಬಿನವರ ಪದ್ಧತಿಯೇ ಹಾಗೆ. ತಾವು ಕಟ್ಟುವುದರ ಒಂದೊಂದು ಮೊಳೆಯನ್ನೂ ತೋರಿಸುತ್ತಾರೆ, ಅದು ಹಾದುಹೋಗುವ ಊರನ್ನು ಮಾತ್ರ ಸೋಪಿನ ಬಿಲ್ಲೆಯ ಹಾಗೆ ನುಣ್ಣಗೆ ಬಿಟ್ಟುಬಿಡುತ್ತಾರೆ.

"ಮಾದರೀಲಿ ಕಿಟಕಿ ಎಲ್ಲ ತೋರಿಸಲ್ಲ ಅಕ್ಕ. ಕಣ್ಣು ದಾರಿ ಮೇಲಿರಬೇಕು ಅಂತ."

"ಜನಕ್ಕೆ ಟೋಪಿ ಹಾಕೋಕೆ ಬಿಡುವಾಯ್ತು, ಮನೆಗೊಂದು ಕಿಟಕಿ ಇಡೋಕೆ ಆಗಲಿಲ್ಲ ನಿಮಗೆ."

ಪಕ್ಕದ ಮೇಜಿನ ನಕ್ಷೆಗಾರ ನಗುವನ್ನು ಕೆಮ್ಮಿಗೆ ತಿರುಗಿಸಿಕೊಂಡ. ಬೆನ್ನು ತುರಿಸುವುದಕ್ಕೂ ಅಳತೆಪಟ್ಟಿಯನ್ನೇ ಬಳಸುವ ಆ ಮನುಷ್ಯನನ್ನು ಕಚೇರಿಯಲ್ಲಿ ಎಲ್ಲರೂ ಸ್ಕೇಲು ಎಂದೇ ಕರೆಯುತ್ತಿದ್ದರು. ಅಕ್ಕ ಅವನ ಕಡೆ ನೋಡಲಿಲ್ಲ. ರಟ್ಟಿನ ಬೀದಿಯಲ್ಲಿ ಬೆರಳಾಡಿಸುತ್ತ ಹೋಗಿ ಮೂಲೆಯ ಕಟ್ಟಡವೊಂದನ್ನು ಹುಡುಕಿದಳು, ಅಂತಸ್ತು ಲೆಕ್ಕ ಹಾಕಿ ಉಗುರಿನಿಂದ ಒಂದು ಗೀರು ಎಳೆದಳು. ಗೀರು ಬಿದ್ದ ಜಾಗಕ್ಕೂ ಮೇಲ್ದಾರಿಗೂ ನಡುವೆ ಅವಳ ಬೆರಳು ತೂರಲಿಲ್ಲ.

"ಇಲ್ಲಿ ಕೂತಿರ್ತಾರೆ ನಿನ್ನ ಭಾವ," ಎಂದಳು. "ಬೆಳಗ್ಗೆ ಕೂರಿಸಿದ್ರೆ ದೀಪ ಹಚ್ಚೋ ಹೊತ್ತಿನ ತನಕ. ಅವರಿಗಿರೋದು ಅದೊಂದೇ. ಅವರ ಮೂಗಿನ ಮುಂದೇನೇ ಊರಿಗೆ ಊರೇ ಓಡಾಡುತ್ತಾ ಇನ್ನು?"

ತಂಗಿಗೆ ಇದು ತಿಳಿಯದ ವಿಷಯವಲ್ಲ. ಭಾವ ಬಸ್ ಕಂಡಕ್ಟರ್ ಆಗಿದ್ದವರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಮೀನಿನಂತೆ ನುಸುಳಿ, ಒಬ್ಬರನ್ನು ಗದರಿಸಿ, ಇನ್ನೊಬ್ಬರ ಮಗುವನ್ನು ಎತ್ತಿಕೊಂಡು, ಮುಂದಿನ ನಿಲ್ದಾಣದಲ್ಲಿ ಇಳಿಯಬೇಕಾದವರನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದವರು. ಮನೆಗೆ ನೆಂಟರು ಬಂದರೂ "ಒಳಗೆ ಬನ್ನಿ, ಹಿಂದೆ ಜಾಗ ಇದೆ" ಎನ್ನುತ್ತಿದ್ದರು. ಅಕ್ಕನ ಮನೆಯಲ್ಲಿದ್ದುಕೊಂಡು ಓದಿದ ತಂಗಿಯನ್ನು ಕಾಲೇಜಿನ ಬಾಗಿಲಲ್ಲಿ ಇಳಿಸುವುದಕ್ಕಾಗಿ ನಿಲ್ದಾಣವೇ ಇಲ್ಲದ ಕಡೆ ಬಸ್ಸು ನಿಲ್ಲಿಸಿ, ಮೇಲಿನವರಿಂದ ಬೈಸಿಕೊಂಡಿದ್ದರು. ಈಗ ಬಲಗೈ ಬಲಗಾಲು ಬಿದ್ದುಹೋಗಿ, ಮಾತು ನಿಂತುಹೋಗಿ, ಕಿಟಕಿಯ ಪಕ್ಕದ ಕುರ್ಚಿಯೇ ಅವರ ಊರಾಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಿರುಗಿ ಹೇಳಲಾಗುವುದಿಲ್ಲ, ಅಷ್ಟೇ.

"ಆಚೆ ಬದಿಗೆ ಹಾಕೇ," ಎಂದಳು ಅಕ್ಕ. ಧ್ವನಿ ತಗ್ಗಿತ್ತು. "ನಾನು ನಿನ್ನ ಹತ್ರ ಏನೂ ಕೇಳಿದವಳಲ್ಲ."

"ಆಚೆ ಬದಿ ನೆಲದೊಳಗೆ ಕರೆಂಟಿನ ದೊಡ್ಡ ಕೇಬಲ್ ಹೋಗಿದೆ ಅಕ್ಕ. ಕಂಬ ಇಳಿಸೋಕಾಗಲ್ಲ. ನಾನೇನು ಬೇಕಂತ..."

"ಸರಿ ಬಿಡು. ಮಣ್ಣೊಳಗಿನ ಕೇಬಲ್ಲಿಗಿರೋ ಮರ್ಯಾದೆ ನಿನ್ನ ಭಾವನಿಗಿಲ್ಲ."

ಅಷ್ಟು ಹೇಳಿ ಚೀಲ ಹೆಗಲಿಗೇರಿಸಿಕೊಂಡು ಹೊರಟೇಹೋದಳು. ತಂಗಿ ಹಿಂದೆ ಓಡಲಿಲ್ಲ. ಓಡಿ ಹೇಳುವುದಾದರೂ ಏನನ್ನು? ಕೆಳಗಿನ ಬೀದಿಯಲ್ಲಿ ಕೈಗಾಡಿ, ಲಾರಿ, ಸ್ಕೂಟರುಗಳ ನಡುವೆ ಸಿಕ್ಕಿಕೊಂಡು ಆಸ್ಪತ್ರೆಗೆ ತಲುಪಲಾಗದೆ ಒದ್ದಾಡುವವರನ್ನು ಕಂಡು ಕಂಡೇ ಅವಳು ಈ ದಾರಿ ಬರೆದಿದ್ದಳು. ಭಾವನನ್ನು ಆಸ್ಪತ್ರೆಗೆ ಒಯ್ದ ದಿನವೂ ಗಾಡಿ ಆ ಬೀದಿಯಲ್ಲಿ ನಿಂತುಬಿಟ್ಟಿತ್ತು. ಅದನ್ನು ಅಕ್ಕನೂ ಮರೆತಿರಲಾರಳು. ಆದರೆ ಹಾಗೆಲ್ಲ ನೆನಪಿಸಿ ಗೆಲ್ಲುವ ಜಗಳ ಇದಲ್ಲವಲ್ಲ.

ಎರಡು ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಒಂದು ಉಪಾಯ ಹೊಳೆಯಿತು. ಮನೆಗಳ ಪಕ್ಕದಲ್ಲಿ ಹಾದುಹೋಗುವಷ್ಟು ದೂರ ಆಳೆತ್ತರದ ಮಂಜುಗಾಜಿನ ಪರದೆ. ಬೆಳಕು ಒಳಗೆ ಬರುತ್ತದೆ. ನಡೆಯುವವರಿಗೆ ಮನೆ ಕಾಣದು, ಮನೆಯವರಿಗೆ ನಡೆಯುವವರು ಕಾಣರು. ಹೇಳಲು ಹೋದಾಗ ಅಕ್ಕ ಮೊದಲು ಮುಖ ತಿರುಗಿಸಿದಳು, ಆಮೇಲೆ "ಪೂರ್ತಿ ಮುಚ್ಚುತ್ತಾ?" ಎಂದು ಕೇಳಿದಳು, ಆಮೇಲೆ ಚಹಾ ಮಾಡಿದಳು. ಚಹಾ ಮಾಡಿದಳೆಂದರೆ ರಾಜಿ ಆದ ಹಾಗೆ. ಅಕ್ಕತಂಗಿಯರಿಬ್ಬರೂ ಗಾಜಿನ ಎತ್ತರ, ಗಾಜು ಒರೆಸುವವರು ಯಾರು, ಬಿಸಿಲಿಗೆ ಕಾಯುತ್ತದೆಯೇ ಎಂದೆಲ್ಲ ಮಾತಾಡುತ್ತಿದ್ದರೆ ಭಾವ ಅವರಿಬ್ಬರ ಮುಖವನ್ನೂ ಸರದಿಯಂತೆ ನೋಡುತ್ತ ಕುಳಿತಿದ್ದರು. ಮೇಲ್ದಾರಿಯ ಬಗ್ಗೆ ಅಂಗಡಿಯವರನ್ನು ಕೇಳಿದ್ದಾಗಿತ್ತು, ಬಾಡಿಗೆದಾರರನ್ನು ಕೇಳಿದ್ದಾಗಿತ್ತು, ರಸ್ತೆಬದಿ ವಾಹನ ನಿಲ್ಲಿಸುವವರನ್ನೂ ಬಿಟ್ಟಿರಲಿಲ್ಲ. ಭಾವನನ್ನು ಕೇಳಬೇಕೆಂದು ಮಾತ್ರ ಯಾರಿಗೂ ತೋಚಿರಲಿಲ್ಲ.

ಕಟ್ಟುವ ಮೊದಲು ಒಂದು ತುಂಡನ್ನು ನಿಜ ಅಳತೆಯಲ್ಲಿ ನಿಲ್ಲಿಸಿ ನೋಡುವುದು ತಂಗಿಯ ರೂಢಿ. ಕಾಗದದ ಮೇಲೆ ಎಲ್ಲವೂ ಚೆನ್ನಾಗೇ ಕಾಣುತ್ತದೆ ಎಂಬುದು ಅವಳ ದೂರು. ಹಾಗಾಗಿ ಒಂದು ರಜಾದಿನ ಬೆಳಗ್ಗೆ ಅಕ್ಕನ ಮನೆಯೆದುರು ಸಾರುವೆ ಎದ್ದಿತು. ಕೊಳವೆಗಳಿಗೆ ಕೊಳವೆ ಬಿಗಿದು, ಮೇಲೆ ಹಲಗೆ ಹಾಸಿ, ಎರಡನೇ ಅಂತಸ್ತಿನ ಕಿಟಕಿಯ ಮಟ್ಟಕ್ಕೆ ಒಂದು ಜಗಲಿ ಸಿದ್ಧವಾಯಿತು. ಗಾಜಿಗೆ ಬದಲಾಗಿ ಬಿಳಿ ಬಟ್ಟೆ ಕಟ್ಟಿದರು. ಅದು ಸರಳಿಲ್ಲದ ಹಳೇ ಕಿಟಕಿ. ಬಾಗಿಲೆರಡನ್ನೂ ತೆಗೆದರೆ ಆಚೆ ತುದಿಯ ಹೂವಿನಂಗಡಿಯವರೆಗೂ ಬೀದಿ ಕಾಣುತ್ತಿತ್ತು. ಬಟ್ಟೆ ಏರುತ್ತಿದ್ದಂತೆ ಹೂವಿನಂಗಡಿ ಹೋಯಿತು, ಚಪ್ಪಲಿ ಹೊಲಿಯುವವನ ಕೊಡೆ ಹೋಯಿತು, ಕೊನೆಗೆ ಆಕಾಶದ ಒಂದು ಪಟ್ಟಿ ಉಳಿಯಿತು.

"ಎಷ್ಟು ತಂಪಾಗಿದೆ ನೋಡ್ರಿ," ಎಂದಳು ಅಕ್ಕ ಗಂಡನಿಗೆ. "ಗಲಾಟೇನೂ ಇಲ್ಲ, ಧೂಳೂ ಇಲ್ಲ."

ಭಾವ ಬಟ್ಟೆಯನ್ನೇ ನೋಡಿದರು. ನೋಡಿ ನೋಡಿ, ಎಡಗೈಯಿಂದ ಪಕ್ಕದಲ್ಲಿದ್ದ ಊರುಗೋಲನ್ನು ಎಳೆದುಕೊಂಡರು. ಯಾರಾದರೂ ತಡೆಯುವ ಮೊದಲೇ ಅದನ್ನು ಕಿಟಕಿಯಿಂದಾಚೆ ಚಾಚಿ ಬಟ್ಟೆಗೆ ಒಂದು ತಿವಿದರು. ಆಮೇಲೆ ಇನ್ನೊಂದು. ಆಚೆ ಹಲಗೆಯ ಮೇಲೆ ನಿಂತಿದ್ದ ನಕ್ಷೆಗಾರ ಸ್ಕೇಲಿನ ಬೆನ್ನಿಗೆ ತಗುಲಿರಬೇಕು, "ಅಯ್ಯಪ್ಪಾ!" ಎಂಬ ಕೂಗು ಕೇಳಿಸಿತು. ಭಾವ ನಿಲ್ಲಿಸಲಿಲ್ಲ. ಗಂಟಲಿನಿಂದ ಅಕ್ಷರವಿಲ್ಲದ ದನಿ ಹೊರಟಿತ್ತು, ಮುಖ ಕೆಂಪಾಗಿತ್ತು.

"ನೋಡಿದ್ಯಾ!" ಅಕ್ಕ ತಂಗಿಯ ಕಡೆ ತಿರುಗಿದಳು. "ಸೇತುವೇನೇ ಬೇಡ ಅಂತಿದಾರೆ ಅವರು."

"ಬಟ್ಟೆ ಬೇಡ ಅಂತಿದಾರೆ ಅಕ್ಕ."

"ನಿನಗೇನೇ ಗೊತ್ತು? ಹಗಲೂ ರಾತ್ರಿ ಜೊತೇಲಿರೋಳು ನಾನು."

"ಹಾಗಾದ್ರೆ ಅವರನ್ನೇ ಕೇಳೋಣ."

"ಏನಂತ ಕೇಳ್ತೀಯಾ? ಬಾಯಿ ಬರಲ್ಲ ಅಂತ ಗೊತ್ತಿದ್ದೂ..."

ಊರುಗೋಲು ಕಿಟಕಿಯ ಚೌಕಟ್ಟಿನ ಮೇಲೆ ದಢ್ ಎಂದು ಬಡಿಯಿತು. ಇಬ್ಬರೂ ಆ ಕಡೆ ತಿರುಗಿದರು. ತಂಗಿಗೆ ನಾಚಿಕೆಯಾಯಿತು. ಕುರ್ಚಿಯ ಪಕ್ಕ ಮಂಡಿಯೂರಿ ಕೂತು, "ಭಾವ, ತಪ್ಪಾಯ್ತು. ನಿಮ್ಮನ್ನ ಕೇಳಲೇ ಇಲ್ಲ," ಎಂದಳು. "ಬಟ್ಟೆ ತೆಗೆಸಲಾ?"

ಭಾವ ಹೌದೆಂದು ತಲೆ ಆಡಿಸಿದರು. ಸ್ಪಷ್ಟವಾಗಿ, ಗಟ್ಟಿಯಾಗಿ.

ಬಟ್ಟೆ ಇಳಿಯಿತು. ಇನ್ನು ನಡೆದಾಡಿ ನೋಡುವ ಪರೀಕ್ಷೆ. ಸಾರುವೆ ಕಟ್ಟಿದ ಕೆಲಸಗಾರರನ್ನೇ ಸಾಲಾಗಿ ನಿಲ್ಲಿಸಿ ಸ್ಕೇಲು ಬೆನ್ನುಜ್ಜಿಕೊಳ್ಳುತ್ತ ಅಪ್ಪಣೆ ಕೊಟ್ಟ: "ಮಾಮೂಲಿ ಜನ ನಡೆಯೋ ಹಾಗೆ ನಡೀರಪ್ಪ." ಅಷ್ಟು ಹೇಳಿದ್ದೇ ತಪ್ಪಾಯಿತು. ದಿನವಿಡೀ ಹಲಗೆಗಳ ಮೇಲೆ ಕುಣಿದಾಡುವ ಗಂಡಸರು ಪೊಲೀಸರ ಕವಾಯತಿನಂತೆ ಬಿಗಿದುಕೊಂಡು, ಕಿಟಕಿಯ ಕಡೆ ನೋಡಬಾರದೆಂದು ಕತ್ತನ್ನು ಆಚೆ ತಿರುಗಿಸಿಕೊಂಡು ನಡೆದರು. ಭಾವನ ಬಾಯಿಯ ಎಡತುದಿ ಮೇಲೇರಿತು. ತಂಗಿ ಆ ನಗುವನ್ನು ಕಂಡು ಬಹಳ ಕಾಲವಾಗಿತ್ತು.

ಆಗಲೇ ಅಕ್ಕ ಕಿಟಕಿಯ ಪರದೆಯನ್ನು ಸರ್ರನೆ ಎಳೆದಳು. ಭಾವ ಅದರ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡುಬಿಟ್ಟರು. ಅವಳು ಎಳೆದಳು, ಅವರು ಬಿಡಲಿಲ್ಲ. ಗಂಡಹೆಂಡಿರ ಹಗ್ಗಜಗ್ಗಾಟದಲ್ಲಿ ಪರದೆಯ ಒಂದು ಕೊಂಡಿ ಕಳಚಿ ನೆಲಕ್ಕೆ ಬಿತ್ತು.

"ಬಿಡ್ರಿ, ಎಲ್ಲರೂ ನೋಡ್ತಾರೆ!" ಎನ್ನುತ್ತಲೇ ಅಕ್ಕ ಅತ್ತುಬಿಟ್ಟಳು. ಪರದೆ ಬಿಟ್ಟು ಮಂಚದ ಅಂಚಿನಲ್ಲಿ ಕುಸಿದು ಕೂತಳು. ತಂಗಿ ಹತ್ತಿರ ಹೋದಾಗ ಅವಳ ಕೈ ಹಿಡಿದು ಪಿಸುಗುಟ್ಟಿದಳು. "ಕೆಳಗಿಂದ ನೋಡಿದ್ರೆ ಏನೂ ಗೊತ್ತಾಗಲ್ವೇ. ಕಂಡಕ್ಟರ್ ಸಾಹೇಬ್ರು ಆರಾಮಾಗಿ ಕೂತಿದಾರೆ ಅಂತ ಜನ ಕೈ ಬೀಸ್ತಾರೆ. ಇಲ್ಲಿಂದ ನೋಡಿದ್ರೆ ಎಲ್ಲ ಕಾಣುತ್ತೆ. ಕೈ ಜೋತುಬಿದ್ದಿರೋದು, ನಾನು ತುತ್ತು ತಿನ್ನಿಸೋದು, ಅದು ಬಾಯಿಂದ ಆಚೆ ಬರೋದು. ಮೊದಲು ಹೇಗಿದ್ರು ಅಂತ ಗೊತ್ತಿಲ್ಲದವರು ನೋಡ್ತಾರೆ. ಅಯ್ಯೋ ಪಾಪ ಅಂತಾರೆ. ಅವರು ಯಾರ ಹತ್ರಾನೂ ಅಯ್ಯೋ ಪಾಪ ಅನ್ನಿಸಿಕೊಂಡವರಲ್ಲ."

ತಂಗಿಗೂ ಅಳು ಬಂದಿತ್ತು. ಅಕ್ಕ ಕಾಪಾಡಲು ಹೊರಟದ್ದು ಏನನ್ನು ಎಂದು ಇಷ್ಟು ದಿನ ತನಗೆ ತಿಳಿದೇ ಇರಲಿಲ್ಲವಲ್ಲ ಎಂದು ಸಂಕಟವಾಯಿತು. ಗಾಜಿನ ಪರದೆ ಬೇಕೆಂದರೆ ಅಕ್ಕನಿಗೆ ನ್ಯಾಯ, ಬೇಡವೆಂದರೆ ಭಾವನಿಗೆ ನ್ಯಾಯ. ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆಯುವ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಆಚೆ ಕವಾಯತು ಮುಗಿದಿತ್ತು. ಕೆಲಸಗಾರರು ಮತ್ತೆ ಹಲಗೆ ಹೊರಲು ಶುರುಮಾಡಿದ್ದರು. ಅವರಲ್ಲೊಬ್ಬ, ವಯಸ್ಸಾದವನು, ಹೆಗಲ ಹಲಗೆಯನ್ನು ಕಿಟಕಿಯೆದುರು ಇಳಿಸಿ ಬೆವರೊರೆಸಿಕೊಂಡ. ಒಳಗೆ ಕಣ್ಣು ಹೋಯಿತು. ಕುರ್ಚಿಯಲ್ಲಿದ್ದವರನ್ನು ನೋಡಿದ, ಅವರ ಪಕ್ಕದಲ್ಲಿದ್ದ ನೀರಿನ ಲೋಟವನ್ನೂ ನೋಡಿದ.

"ಯಜಮಾನ್ರೇ, ಒಂಚೂರು ನೀರು ಕೊಡ್ತೀರಾ? ಗಂಟಲು ಒಣಗಿಹೋಗಿದೆ."

ಅಕ್ಕ ದಡಕ್ಕನೆ ಎದ್ದಳು. ತಂಗಿ ಅವಳ ಕೈ ಬಿಡಲಿಲ್ಲ.

ಭಾವ ಆ ಮನುಷ್ಯನನ್ನೇ ನೋಡಿದರು. ಕಾಯಿಲೆ ಬಿದ್ದ ಮೇಲೆ ಬಂದವರೆಲ್ಲ ಅವರಿಗೆ ಕೊಟ್ಟವರೇ. ಔಷಧಿ ಕೊಟ್ಟರು, ಹಣ್ಣು ಕೊಟ್ಟರು, ಧೈರ್ಯ ಕೊಟ್ಟರು. ಅವರಿಂದ ಏನನ್ನಾದರೂ ಕೇಳಿದವನು ಇವನೊಬ್ಬನೇ. ಎಡಗೈ ಲೋಟದ ಕಡೆ ಹೋಯಿತು, ಬೆರಳುಗಳು ಅದರ ಸುತ್ತ ಕೂತವು, ಲೋಟ ಮೇಲೆದ್ದಿತು. ಕಿಟಕಿ ದಾಟುವ ಹೊತ್ತಿಗೆ ಅರ್ಧ ನೀರು ಅವರ ತೊಡೆಯ ಮೇಲೆ ಚೆಲ್ಲಿತ್ತು. ಆಚೆಯವನು ಹಲಗೆಯ ಅಂಚಿಗೆ ಬಂದು, ಉದ್ದಕ್ಕೆ ಕೈಚಾಚಿ ಲೋಟ ತೆಗೆದುಕೊಂಡ. ಒಂದೇ ಗುಟುಕಿಗೆ ಕುಡಿದು, "ಜೀವ ಬಂತು ನೋಡಿ," ಎಂದು ಲೋಟವನ್ನು ಅವರ ಕೈಗೇ ಕೊಟ್ಟು, ಹಲಗೆ ಹೊತ್ತು ನಡೆದ. ಹಿಂತಿರುಗಿಯೂ ನೋಡಲಿಲ್ಲ. ನೀರು ಕೇಳಿದ, ಸಿಕ್ಕಿತು, ಅವನ ಪಾಲಿಗೆ ಅಲ್ಲಿಗೆ ಮುಗಿಯಿತು.

ಭಾವ ಖಾಲಿ ಲೋಟ ಹಿಡಿದುಕೊಂಡೇ ಹೆಂಡತಿಯ ಕಡೆ ತಿರುಗಿದರು, ಅದನ್ನು ಮುಂದೆ ಚಾಚಿದರು. ಮತ್ತೆ ತುಂಬಿಸು ಎಂದು.

ಅಕ್ಕ ತುಂಬಿಸಿಟ್ಟಳು. ಒದ್ದೆಯಾದ ಬಟ್ಟೆ ಬದಲಿಸಿದಳು. ಆಮೇಲೆ ಗಂಡನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಹೊಸದಾಗಿ ನೋಡುವವಳಂತೆ ನೋಡಿದಳು. "ಏನ್ರೀ ಇದು ಗಡ್ಡ! ನಾಲ್ಕು ಜನ ಓಡಾಡೋ ಜಾಗದಲ್ಲಿ ಹೀಗೆ ಕೂತ್ರೆ ನನ್ನ ಮಾನ ಏನಾಗ್ಬೇಕು?" ಎಂದು ಗೊಣಗುತ್ತ ಒಳಗೆ ಹೋದವಳು ಬಟ್ಟಲಲ್ಲಿ ಬಿಸಿನೀರು, ಬ್ರಷ್ಷು, ರೇಜರು ತಂದಳು. ಮೂಗು ಸೊರಗುಟ್ಟುತ್ತಲೇ ನೊರೆ ಹಚ್ಚಿದಳು.

ಸ್ಕೇಲು ಕಿಟಕಿಯಾಚೆ ಬಂದು ನಿಂತ. "ಮೇಡಂ, ಗಾಜಿನ ಪರದೆ ಎಲ್ಲಿಂದ ಎಲ್ಲೀ ತನಕ ಅಂತ ಗುರುತು ಹಾಕ್ಕೊಳ್ಲಿ?"

ತಂಗಿ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ಬಚ್ಚಲುಮನೆ ಕಿಟಕಿಗೆ ಹಾಕಪ್ಪ, ಅಡುಗೆಮನೆಗೂ ಹಾಕು. ಇಲ್ಲಿ ಬೇಡ."

ಒಂದು ಕೆನ್ನೆ ಮುಗಿಯಿತು. ಇನ್ನೊಂದಕ್ಕೆ ಮುಖ ಈ ಕಡೆ ತಿರುಗಿಸಿರೆಂದು ಅಕ್ಕ ಹೇಳಿದಳು, ಗಲ್ಲ ಹಿಡಿದು ಎಳೆದೂ ನೋಡಿದಳು. ಆಚೆ ಕೆಲಸಗಾರರು ಹೋಗುತ್ತಿದ್ದರು, ಬರುತ್ತಿದ್ದರು. ಭಾವ ಕತ್ತೆತ್ತಿ ಅವರನ್ನೇ ನೋಡುತ್ತಿದ್ದರು, ಜಪ್ಪಯ್ಯ ಅಂದರೂ ತಿರುಗಲಿಲ್ಲ. ಅಕ್ಕ ಇನ್ನೊಮ್ಮೆ ಗೊಣಗಿದಳು. ಆಮೇಲೆ ಒಂದು ಕೈಯಲ್ಲಿ ಚೌಕಟ್ಟನ್ನು ಹಿಡಿದು, ಕಿಟಕಿಯಿಂದಾಚೆ ಸೊಂಟದವರೆಗೂ ಬಗ್ಗಿ, ಹೋಗಿ ಬರುವವರ ನಡುವೆ, ಅವರ ಆ ಕೆನ್ನೆಯನ್ನು ಹೊರಗಿನಿಂದಲೇ ಹೆರೆಯತೊಡಗಿದಳು.