ಹೆಪ್ಪಿನ ಪಾಲು

ನಮ್ಮ ಯಜಮಾನರಿಗೂ ದೇವರಿಗೂ ಭಾರಿ ಸಲಿಗೆ. ಬೇಕರಿಯ ಬಾಗಿಲು ಮುಚ್ಚಿದ ದಿನವೂ ಈ ಮಹಾರಾಯರು, "ಅವನು ನೋಡ್ಕೋತಾನೆ ಬಿಡೆ" ಅಂದು ಕೈಕಾಲು ತೊಳೆದುಕೊಂಡು ಕೂತರು.

ಬೀದಿಯ ಆ ತುದಿಯಲ್ಲಿ ಕಾರ್ಖಾನೆಯ ಬ್ರೆಡ್ಡು ಮಾರುವ ದೊಡ್ಡ ಅಂಗಡಿ ಬಂದಮೇಲೆ ನಮ್ಮ ಮೆಟ್ಟಿಲು ಹತ್ತುವವರೇ ಇರಲಿಲ್ಲ. ಒಲೆ ತಣ್ಣಗಾಯಿತು. ಇವರು ಕೆಲಸ ಕೇಳಿಕೊಂಡು ಅಲೆಯದ ಜಾಗವಿಲ್ಲ. ಒಲೆಯ ಹೊಗೆ ಕುಡಿದು ಕೆಮ್ಮುವವರನ್ನು ಯಾರು ಕರೆಯುತ್ತಾರೆ? ಅಕ್ಕಪಕ್ಕದವರ ಹತ್ತಿರ ಕೈಚಾಚಲು ನನಗಿನ್ನು ಮುಖ ಉಳಿದಿರಲಿಲ್ಲ.

ಮನೆಯಲ್ಲಿ ಜಗಳವೆಲ್ಲ ಹೆಪ್ಪಿನ ಮೇಲೆ. ಹಾಲಿಗೆ ಹೆಪ್ಪು ಹಾಕುವ ಹಾಗೆ ನಾವು ಹಿಟ್ಟಿಗೂ ಹಾಕುತ್ತೇವೆ. ಇವತ್ತು ಕಲೆಸಿದ್ದರಲ್ಲಿ ಒಂದು ಉಂಡೆ ತೆಗೆದಿಟ್ಟರೆ ನಾಳೆಯ ಹಿಟ್ಟು ಅದರಿಂದ ಉಬ್ಬುತ್ತದೆ. ಈ ಹೆಪ್ಪು ನಮ್ಮತ್ತೆಗೆ ಅವರತ್ತೆ ಕೊಟ್ಟದ್ದು. ಬ್ರೆಡ್ಡು ಮಾಡಲಿ ಬಿಡಲಿ, ಅದಕ್ಕೆ ದಿನಾ ಒಂದು ಹಿಡಿ ಹೊಸ ಹಿಟ್ಟು ಕಲೆಸಬೇಕು. ಇಲ್ಲದಿದ್ದರೆ ಸತ್ತುಹೋಗುತ್ತದೆ.

ಹಿಟ್ಟಿನ ಡಬ್ಬದ ತಳ ಕಾಣುವಾಗಲೂ ಇವರು ಮೊದಲ ಹಿಡಿ ಅದಕ್ಕೇ ಹಾಕುತ್ತಿದ್ದರು. ಉಳಿದದ್ದರಲ್ಲಿ ನಾನು ಗಂಜಿ ಕಾಯಿಸಬೇಕು. ಗಂಜಿಯೇನು ಬಂತು, ಬರೀ ಬಿಳಿ ನೀರು.

"ಮಗಳ ಹೊಟ್ಟೆಗಿಲ್ಲ, ಉಂಡೆಗೆ ಉಪಚಾರ! ನಾಚಿಕೆ ಆಗಲ್ವೇನ್ರೀ?"

"ಅವನು ಹಿಟ್ಟು ಕಳಿಸಿದ ದಿನ ಹೆಪ್ಪೇ ಇಲ್ಲ ಅಂದ್ರೆ ಏನ್ ಮಾಡ್ಲೇ?"

"ಯಾವ ಗಾಡೀಲಿ ಕಳಿಸ್ತಾನಂತೆ? ನಮ್ಮನೆ ದಾರಿ ಗೊತ್ತೇನು ಅವನಿಗೆ?"

ಇವರು ನಕ್ಕುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರನ್ನೂ ಅವನನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈದು ಸುಸ್ತಾಗಿ ಮಲಗಿದರೆ ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿತ್ತು.

ಮೊನ್ನೆ ಡಬ್ಬ ಖಾಲಿಯಾಯಿತು. ನಿನ್ನೆ ಸಂಜೆ, ಗೋಡೆಗೆ ಒರಗಿ ಕೂತಿದ್ದ ಮಗಳು ಏಳಲು ಹೋಗಿ, ಕಣ್ಣು ಕತ್ತಲೆ ಬಂದು ಕುಸಿದಳು. ಎತ್ತಿ ಕೂರಿಸಿ ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಅಪ್ಪನನ್ನು ಕೇಳಿದಳು, "ಅಪ್ಪಾ, ಇವತ್ತು ಉಂಡೆಗೂ ಊಟ ಇಲ್ವಾ?"

ಇವರು ಎದ್ದು ಹೆಪ್ಪಿನ ಬಟ್ಟಲು ತಂದು ನನ್ನ ಮುಂದಿಟ್ಟರು.

"ತಗೋ. ಸುಟ್ಟು ಅವಳಿಗೆ ಕೊಡು."

"ಅವನು ಕಳಿಸಿದ್ರೆ?"

"ಯಾರೂ ಕಳಿಸಲ್ಲ ಕಣೆ."

ಇವರ ಬಾಯಿಂದ ಕೇಳಬೇಕೆಂದು ಇಷ್ಟು ದಿನ ನಾನು ಹಟ ಹಿಡಿದಿದ್ದ ಮಾತು ಅದೇ. ಕೇಳಿದಮೇಲೇ ನನಗೆ ಹೊಳೆಯಿತು. ಇವರು ನಂಬಿದ್ದಾರಲ್ಲ ಅನ್ನುವ ಧೈರ್ಯದ ಮೇಲೆ ತಾನೇ ನಾನು ಅಷ್ಟೆಲ್ಲ ಬೈದದ್ದು! "ಹಾಗನ್ಬೇಡಿ, ರೀ" ಅಂದೆ. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಹೆಪ್ಪನ್ನು ತಟ್ಟಿ ಕಾವಲಿಗೆ ಹಾಕಿದೆ. ಮನೆಯೆಲ್ಲ ಹುಳಿ ವಾಸನೆ. ಮಗಳು ಮುಖ ಸಿಂಡರಿಸದೆ ತಿಂದಳು. ಅಪ್ಪನಿಗೂ ಒಂದು ಚೂರು ಮುರಿದು ಒಯ್ದಳು. ಇವರು ತಿರುಗಲಿಲ್ಲ.

ತಟ್ಟುವ ಮೊದಲು ನಾನು ಬಟಾಣಿ ಕಾಳಿನಷ್ಟು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದೆ. ಮಗಳ ಬಾಯಿಂದ ಕಿತ್ತದ್ದೇ ಅದು. ಇವರನ್ನು ಯಾವುದಕ್ಕೆ ಬೈದೆನೋ ಅದನ್ನೇ ನಾನೂ ಮಾಡಿದ್ದೆ.

ಈ ಬೆಳಿಗ್ಗೆ ಬಿಚ್ಚಿ ನೋಡಿದರೆ ಅಂಚು ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಡಬ್ಬವನ್ನು ಬೋರಲು ಹಾಕಿ ಬಡಿದೆ. ಬೆರಳಿಗೆ ಅಂಟುವಷ್ಟು ಪುಡಿ ಉದುರಿತು. ಅದನ್ನೇ ಹೆಪ್ಪಿಗೆ ಸವರಿ, ನೀರು ಚಿಮುಕಿಸಿ ಮುಚ್ಚಿದೆ.

ಇವರು ಇನ್ನೂ ಹಾಗೇ ಮಲಗಿದ್ದರು. ಪಕ್ಕದಲ್ಲಿ ಹೋಗಿ ಕೂತೆ.

"ಏಳ್ರೀ. ಅವನು ನೋಡ್ಕೋತಾನೆ."

ಆ ಮಾತು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಯಾವ ಗಾಡೀಲಿ ಕಳಿಸ್ತಾನಂತೆ ಅಂತ ಇವರಾದರೂ ನನ್ನನ್ನು ಬೈಯಲಿ ಎಂದು ಕಾದೆ. ಇವರು ಬೈಯಲೇ ಇಲ್ಲ.