ಐದು ದನಿಯ ಹಾಜರಿ

"ನಂಬರ್ ಒಂದು!"

"ಯೆಸ್ ಸಾರ್." ಕೊನೆಯ ಬೆಂಚಿನಿಂದ ಗಡಸು ದನಿ ಬಂತು. ಆಗಷ್ಟೇ ಜೈಲಿನಿಂದ ಬಿಡುಗಡೆಯಾದ ಖಳನಾಯಕನ ದನಿ.

"ನಂಬರ್ ಎರಡು!"

"ಇದೀದಿ ಸಾರ್." ಇದು ಮೂಗು ಕಟ್ಟಿದ ದನಿ. ನಂಬರ್ ಎರಡಕ್ಕೆ ಸೇರಿದ ದಿನದಿಂದಲೂ ನೆಗಡಿ.

"ನಂಬರ್ ಮೂರು!"

"ಪ್ರೆಸೆಂಟ್ ಸಾರ್!" ತೆಳ್ಳಗಿನ, ಅವಸರದ ಹೆಣ್ಣುದನಿ.

ನಾಲ್ಕಕ್ಕೆ ಒಂದು ಕೆಮ್ಮು, ಅದರ ಬಾಲಕ್ಕೊಂದು "ಸಾರ್". ಐದಕ್ಕೆ ಮಾತ್ರ ಹೀರೋ ಮೊದಲ ಸಲ ತೆರೆಗೆ ಬರುವಾಗಿನ ಗತ್ತು: "ನೀವು ಕರೀಬೇಕು, ನಾನು ಬರ್ದೇ ಇರ್ಬೇಕು, ಆಗುತ್ತಾ ಸಾರ್?"

ಮೇಷ್ಟ್ರು ಐದು ಗುರುತು ಹಾಕಿ ಹಾಜರಿ ಪುಸ್ತಕ ಮುಚ್ಚಿದರು. ತರಗತಿಯಲ್ಲಿದ್ದವನು ಒಬ್ಬನೇ ಹುಡುಗ, ನಂಬರ್ ಐದು. ಕಾಲೇಜಿನಲ್ಲಿ ಅವನ ಹೆಸರು ಡೈಲಾಗ್.

ರಾಜ್ಯಶಾಸ್ತ್ರದ ತರಗತಿಗೂ ಪ್ರಿನ್ಸಿಪಾಲರ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಆ ಕಡೆ ಅವರು ಟೀ ಹೀರಿದರೂ ಈ ಕಡೆ ಕೇಳಿಸುತ್ತಿತ್ತು. ಐದು ಜನಕ್ಕಿಂತ ಕಡಿಮೆಯಾದರೆ ರಾಜ್ಯಶಾಸ್ತ್ರಕ್ಕೆ ಬೀಗ, ಉಳಿದವರು ಕಾಮರ್ಸಿಗೆ ಎಂದು ವರ್ಷದ ಆರಂಭದಲ್ಲೇ ಅವರು ಹೇಳಿಬಿಟ್ಟಿದ್ದರು. ಆಮೇಲೆ ಒಬ್ಬ ಮೊಬೈಲ್ ಅಂಗಡಿ ಸೇರಿದ, ಇನ್ನೊಬ್ಬ ಅಪ್ಪನ ಲಾರಿ ಹತ್ತಿದ. ಮೂರನೆಯವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ನಾಲ್ಕನೆಯವನು ಏನಾದನೋ ಯಾರಿಗೂ ಗೊತ್ತಿಲ್ಲ. ಯಾರೂ ಟಿ.ಸಿ. ಕೇಳಿರಲಿಲ್ಲ, ಅಷ್ಟೇ ಪುಣ್ಯ.

ಮೊದಲ ಸಲ ಆ ನಾಲ್ವರ ದನಿಯಲ್ಲಿ ಕೂಗಿದ್ದು ಬರೀ ತಮಾಷೆಗೆ. ಬೈಗುಳ ಬೀಳುತ್ತದೆಂದು ಡೈಲಾಗ್ ತಲೆ ತಗ್ಗಿಸಿ ಕಾದಿದ್ದ. ಮೇಷ್ಟ್ರು ಅವನನ್ನು ನೋಡಿದರು, ಹಲಗೆಯನ್ನು ನೋಡಿದರು, ಗುರುತು ಹಾಕಿದರು. ಮರುದಿನ ಇನ್ನೂ ಗಟ್ಟಿಯಾಗಿ ನಂಬರ್ ಕೂಗಿದರು. ಆ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

"ಪ್ರಾತಿನಿಧ್ಯ ಅಂದ್ರೆ ಏನು?" ಎಂದು ಒಮ್ಮೆ ಮೇಷ್ಟ್ರು ಕೇಳಿ, ತಾವೇ ಉತ್ತರ ಹೇಳಿದ್ದರು. "ಇಲ್ಲದೇ ಇರೋರ ಪರವಾಗಿ ಒಬ್ಬ ಎದ್ದು ನಿಂತು ಮಾತಾಡೋದು."

"ಅಂದ್ರೆ ಪ್ರಾಕ್ಸಿ ಸಾರ್?"

ಮೇಷ್ಟ್ರು ನಗು ತಡೆಯಲು ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದ್ದರು.

"ರಾಜಕೀಯ ಓದ್ಬಿಟ್ಟು ಏನ್ ಮಾಡ್ತೀಯಾ, ಮೈಕ್ ಟೆಸ್ಟಿಂಗಾ?" ಎಂದು ಅಪ್ಪ ಗೇಲಿ ಮಾಡಿದ್ದರೂ ಡೈಲಾಗ್ ಹಟ ಹಿಡಿದು ಸೇರಿದ್ದ. ಅಂಕಿ ಕಂಡರೆ ಅವನಿಗೆ ಚಳಿಜ್ವರ. ಇಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿ, ಅವನು ಬಾಯಿ ಬಿಡುವವರೆಗೆ ಸುಮ್ಮನೆ ಕಾಯುತ್ತಿದ್ದರು. ಹಾಗೆ ಅವನಿಗಾಗಿ ಯಾರೂ ಕಾದದ್ದಿಲ್ಲ. ತರಗತಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಬೇರೆ ಹುಡುಗರು "ಲೋ ಡೈಲಾಗ್, ಒಂದ್ ಬಿಡೋ!" ಎನ್ನುತ್ತಿದ್ದರು. ಬಿಡುತ್ತಿದ್ದ. ನಗುತ್ತಿದ್ದರು. ನಕ್ಕು ಮುಗಿಸಿ ತಮ್ಮ ತಮ್ಮ ಮೇಜಿಗೆ ತಿರುಗಿಕೊಳ್ಳುತ್ತಿದ್ದರು.

ಸಂಜೆ ಬಾಡಿಗೆ ಕೋಣೆಯಿಂದ ಅಮ್ಮನಿಗೆ ಫೋನು ಮಾಡುವಾಗಲೂ ನಾಲ್ವರೂ ಹಾಜರು. ಅವರು ಏನಂದರೆಂದು ಅವರವರ ದನಿಯಲ್ಲೇ ಹೇಳುತ್ತಿದ್ದ. ಅಮ್ಮ ನಗುತ್ತಿದ್ದಳು. "ಆ ಹುಡುಗನ ನೆಗಡಿ ಇನ್ನೂ ಹೋಗಿಲ್ವೇನೋ ಪಾಪ? ಕಷಾಯ ಕುಡಿ ಅನ್ನು," ಎನ್ನುತ್ತಿದ್ದಳು.

ಆ ದಿನ ಅವನು "ಪ್ರೆಸೆಂಟ್ ಸಾರ್!" ಎಂದು ಕೂಗುತ್ತಿದ್ದಂತೆ ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಟ್ಟೆ ಅಂಗಡಿಯ ನೀಲಿ ಕೋಟು ತೊಟ್ಟು ನಂಬರ್ ಮೂರು ನಿಂತಿದ್ದಳು.

"ಅಯ್ಯೋ, ನಾನು ಹಿಂಗಾ ಮಾತಾಡೋದು?"

ಮೇಷ್ಟ್ರು ಪೆನ್ನನ್ನು ಗಾಳಿಯಲ್ಲೇ ಹಿಡಿದುಕೊಂಡರು. ಡೈಲಾಗ್ ಓಡಿಹೋಗಿ ಅವಳನ್ನು ಕಾರಿಡಾರಿಗೆ ಎಳೆದೊಯ್ದ.

"ಟಿ.ಸಿ. ತಗೊಳೋಕೆ ಬಂದೆ ಕಣೋ. ಸಂಜೆ ಕಾಲೇಜಿಗೆ ಸೇರ್ತಿದೀನಿ."

"ಮೇಡಮ್ಮೋರೇ," ಅವನು ಎದೆಗೆ ಕೈ ಹಚ್ಚಿದ. "ನೀವು ತಗೊಂಡು ಹೋಗೋದು ಟಿ.ಸಿ. ಅಲ್ಲ, ಈ ಬಡವನ ಪ್ರಾಣ!"

"ತಮಾಷೆ ಬಿಡು. ಏನ್ ವಿಷ್ಯ?"

"ವಿಷ್ಯ ಇಷ್ಟೇ, ಇಂಟರ್ವಲ್ ಆದ್ಮೇಲೆ ಹೀರೋಯಿನ್ ಬಿಟ್ಟು ಹೋದ್ರೆ ಪಿಚ್ಚರ್ ಓಡಲ್ಲ..."

"ನಿನ್ ಸ್ವಂತ ಗಂಟಲಲ್ಲಿ ಹೇಳೋ, ಮಾರಾಯ. ಪರೀಕ್ಷೆವರ್ಗೂ ಕಾಯಿ ಅಂದ್ರೆ ಯೋಚ್ನೆ ಮಾಡ್ತೀನಿ. ಏನ್ ಬೇಕು ನಿಂಗೆ?"

ಅವನು ಬಾಯಿ ತೆರೆದ. ಖಳನಾಯಕ ಬಂದ, ನೆಗಡಿಯವನು ಬಂದ, ಹೀರೋ ಬಂದ. ಯಾರೂ ಕೆಲಸಕ್ಕೆ ಬರುವವರಲ್ಲ. "ಏನಿಲ್ಲ," ಎಂದು ಕೈ ಮುಗಿದು ಸಿನಿಮಾ ಮಂತ್ರಿಯಂತೆ ನಕ್ಕ. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಪ್ರಿನ್ಸಿಪಾಲರ ಕೋಣೆಯ ಪರದೆ ಸರಿಸಿ ಒಳಗೆ ಹೋದಳು.

ತರಗತಿಯಲ್ಲಿ ಇಬ್ಬರೂ ಹಲಗೆಯಾಚೆಯ ಮಾತು ಕೇಳುತ್ತ ಕೂತರು. ಎಷ್ಟು ತಿಂಗಳಿಂದ ಕೆಲಸ ಎಂದು ಪ್ರಿನ್ಸಿಪಾಲರು ಕೇಳಿದರು. ಅವಳು ಹೇಳಿದಳು. ಸೀಲು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿನಲ್ಲಿ ಅವರೇ ಬಾಗಿಲಿಗೆ ಬಂದರು.

"ದಿನಾ ಐದು ಜನ ಕೂಗ್ತಿದ್ರಲ್ಲ, ಎಲ್ರೀ?"

"ಎಲ್ಲಾ ನಾನೇ ಸಾರ್," ಡೈಲಾಗ್ ಎದ್ದ. "ಮೇಷ್ಟ್ರದೇನೂ ತಪ್ಪಿಲ್ಲ. ಅವ್ರಿಗೆ ಕಿವಿ ಮಂದ."

"ನಂಗೆ ಚೆನ್ನಾಗೇ ಕೇಳ್ಸುತ್ತೆ ಸಾರ್," ಎಂದರು ಮೇಷ್ಟ್ರು.

ಪ್ರಿನ್ಸಿಪಾಲರು ಇಬ್ಬರನ್ನೂ ನೋಡಿದರು. ಬೈಯಲಿಲ್ಲ. "ನಾಳೆ ಒಂದಿನ ಕ್ಲಾಸ್ ಮಾಡಿ ಮುಗ್ಸಿ. ಸೋಮವಾರದಿಂದ ಇವನು ಕಾಮರ್ಸಲ್ಲಿ ಕೂರ್ಲಿ. ನಿಮ್ದೇನು ಅಂತ ಆಮೇಲೆ ಮಾತಾಡೋಣ," ಎಂದು ಹೊರಟುಹೋದರು.

ಅಂದು ಸಂಜೆ ಫೋನಿನಲ್ಲಿ ಅಮ್ಮ ನಾಲ್ವರನ್ನೂ ವಿಚಾರಿಸಿದಳು. "ಎಲ್ರೂ ಊರಿಗೆ ಹೋಗಿದಾರಮ್ಮ," ಎಂದ.

ಮರುದಿನ ಮೇಷ್ಟ್ರು ಹಾಜರಿ ಪುಸ್ತಕ ತೆರೆದರು. ಬೆರಳು ಮೇಲಿನ ಸಾಲುಗಳಲ್ಲಿ ನಿಲ್ಲದೆ ಕೆಳಗಿಳಿಯಿತು.

"ನಂಬರ್ ಐದು." ಕೂಗಲಿಲ್ಲ, ಸುಮ್ಮನೆ ಹೇಳಿದರು.

ಹೀರೋ ಗಂಟಲವರೆಗೆ ಬಂದ. ಡೈಲಾಗ್ ಅವನನ್ನು ನುಂಗಿಕೊಂಡ. ಮೇಷ್ಟ್ರು ಎಂದಿನಂತೆ ಕಾದರು.

"ಇದೀನಿ ಸಾರ್."

ಒಂಚೂರು ಒಡೆದ, ಸಣ್ಣ ದನಿ. ಫೋನಿನಲ್ಲಿ ಅಮ್ಮನದು ಕೇಳಿಸುವ ಹಾಗೆ.

ಮೇಷ್ಟ್ರು ಗುರುತು ಹಾಕಿದರು. ಸೀಮೆಸುಣ್ಣ ಎತ್ತಿಕೊಂಡು, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವೆಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಪಾಠ ಶುರು ಮಾಡಿದರು. ಹಲಗೆಯಾಚೆಗೆ ಕೇಳಿಸಬೇಕೆಂದು ಇಷ್ಟು ದಿನ ಏರುತ್ತಿದ್ದ ಅವರ ದನಿ ಇಂದು ಮೇಜಿನ ಅಂಚನ್ನೂ ದಾಟುತ್ತಿರಲಿಲ್ಲ. ಹುಡುಗ ಸ್ವಲ್ಪ ಹೊತ್ತು ಕಿವಿಗೊಟ್ಟ. ಆಮೇಲೆ ಚೀಲ ಎತ್ತಿಕೊಂಡು, ಖಾಲಿ ಬೆಂಚುಗಳನ್ನು ಒಂದೊಂದಾಗಿ ದಾಟಿ ಬಂದು, ಮೊದಲ ಸಾಲಿನಲ್ಲಿ ಕೂತ.